ಚಿಕ್ಕ ಟ್ರ್ಯಾಕ್ಟರಿಗೆ ಹಲ್ಲಿನ ಬಕೆಟ್ಟು



ಬೇಸಿಗೆ ಬಂತೆಂದರೆ ಕೃಷ್ಣರಾಜಪುರದಿಂದ ಆಚೆಗೆ, ಬಿದರಹಳ್ಳಿ, ಹೊಸಕೋಟೆ, ಮಾಲೂರು ಕಡೆಯ ಮನೆಗಳಲ್ಲಿ ಎರಡು ಕೆಲಸ ಎದುರಿಗೆ ನಿಲ್ಲುತ್ತವೆ. ಒಂದು, ತಿಪ್ಪೆಗೊಬ್ಬರವನ್ನು ಹೊಲಕ್ಕೆ ಹೊಡೆಯುವುದು. ಇನ್ನೊಂದು, ಕೆರೆ ಒಣಗಿದ್ದರೆ ಗೋಡುಮಣ್ಣು ತರುವುದು. ಹಿಂದೆ ಇದಕ್ಕೆ ಗುದ್ದಲಿ, ಮಂಕರಿ, ಎತ್ತಿನ ಗಾಡಿ ಇದ್ದವು. ಈಗ ಕೆಲವರು ಚಿಕ್ಕ ಟ್ರ್ಯಾಕ್ಟರಿನ ಮುಂದೆ ಲೋಡರು ಕೂಡಿಸಿಕೊಂಡಿದ್ದಾರೆ. ಚಿಕ್ಕ ಯಂತ್ರ ನಮ್ಮ ಸೀಮೆಗೆ ಹೊಸದೇನಲ್ಲ. ಜಪಾನಿನ ಮಿತ್ಸುಬಿಶಿಯವರ ಸಹಯೋಗದಿಂದ 1967ರಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪನಿಯ ನೆಲೆ ಇಲ್ಲೇ ಪಕ್ಕದ ಮಹದೇವಪುರ. ಆದರೆ ಲೋಡರಿನ ಬಕೆಟ್ಟಿಗೆ ಹಲ್ಲು ಬೇಕೋ ಬೇಡವೋ, ಇದ್ದರೆ ಹೇಗೆ ನಡೆಸಬೇಕು, ಇದು ಬಹಳ ಜನರಿಗೆ ಸ್ಪಷ್ಟವಿಲ್ಲ.

ಗಟ್ಟಿ ಕೆಮ್ಮಣ್ಣಿನ ಮೇಲೆ ಸಲಿಕೆ ಹೊಡೆದು ನೋಡಿ, ಠಣ್ಣೆಂದು ಹಿಂದಕ್ಕೆ ಬರುತ್ತದೆ. ಅದೇ ತೋಳಿನ ಬಲದಿಂದ ಪಿಕಾಸಿ ಹಾಕಿದರೆ ನಾಟುತ್ತದೆ. ಬಕೆಟ್ಟಿನ ವಿಷಯವೂ ಹೀಗೆಯೇ. ಬೋಳು ಅಂಚಿನ ಬಕೆಟ್ಟಿನಲ್ಲಿ ಟ್ರ್ಯಾಕ್ಟರು ನೂಕುವ ಬಲವೆಲ್ಲ ನಾಲ್ಕೈದು ಅಡಿ ಉದ್ದದ ಅಂಚಿಗೆ ಹಂಚಿಹೋಗುತ್ತದೆ. ಐದಾರು ಹಲ್ಲುಗಳಿದ್ದರೆ ಆ ಬಲ ಹಲ್ಲಿನ ತುದಿಗಳಲ್ಲಿ ಕೂಡಿಕೊಂಡು ಮಣ್ಣನ್ನು ಬಿರಿಯುತ್ತದೆ. ಬಿರಿದದ್ದನ್ನು ಹಿಂದಿನ ಅಂಚು ಬಾಚಿಕೊಳ್ಳುತ್ತದೆ. ಹುಲ್ಲು, ಸಗಣಿ, ಕಸ ಹೆಣೆದುಕೊಂಡು ಕೂತ ಹಳೆಯ ತಿಪ್ಪೆಯನ್ನು ಕಿತ್ತು ಬಿಡಿಸುವುದರಲ್ಲಿ ಹಲ್ಲಿಗೆ ಸಮ ಇಲ್ಲ.

"ಹಾಗಾದರೆ ಹಲ್ಲು ಹಾಕಿದರೆ ತೂಕ ಜಾಸ್ತಿ ಎತ್ತುತ್ತದೆಯೇ ಸ್ವಾಮಿ?" ಎಂದು ಕೇಳುವಿರಿ. ಇಲ್ಲ. ಎತ್ತುವ ಶಕ್ತಿ ಮೊದಲಿನಷ್ಟೇ. ಹಲ್ಲಿನ ಕಬ್ಬಿಣದ ತೂಕ ಅದರಲ್ಲೇ ಕಳೆದುಹೋಗುತ್ತದೆ ಬೇರೆ.

ಈ ತೂಕದ ಲೆಕ್ಕವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಆರು ಘನ ಅಡಿ ಹಿಡಿಸುವ ಬಕೆಟ್ಟು ಎಂದಿಟ್ಟುಕೊಳ್ಳಿ. ಅದರ ತುಂಬ ಕಳಿತ ತಿಪ್ಪೆಗೊಬ್ಬರ ಸುಮಾರು 100 ಕಿಲೋ ಬಂದೀತು. ಅದೇ ಬಕೆಟ್ಟಿನ ತುಂಬ ಹಸಿ ಗೋಡು ಹೆಚ್ಚುಕಡಿಮೆ 300 ಕಿಲೋ! ಕಣ್ಣಿಗೆ ಎರಡೂ ಒಂದೇ ಬಕೆಟ್ಟು. ಮುಂದಿನ ಅಚ್ಚಿಗೆ ಒಂದೇ ಅಲ್ಲ. ಭಾರ ಮುಂದಕ್ಕೆ ಬಿದ್ದಷ್ಟೂ ಹಿಂದಿನ ಚಕ್ರಗಳು ಹಗುರಾಗಿ, ಬ್ರೇಕು ಹಿಡಿಯದೆ, ಬದುವಿನ ಅಂಚಿನಲ್ಲಿ ಟ್ರ್ಯಾಕ್ಟರು ಮಗುಚಿಕೊಳ್ಳುತ್ತದೆ. ಮಗುಚಿದ ಟ್ರ್ಯಾಕ್ಟರಿನ ಕೆಳಗೆ ಸಿಕ್ಕವನು ಬದುಕುವುದು ಅಪರೂಪ. ಆದ್ದರಿಂದ ಹಿಂದೆ ಎದುರುಭಾರ ಇರಲೇಬೇಕು. ರೋಟವೇಟರನ್ನೇ ಕಟ್ಟಿಕೊಳ್ಳಬಹುದು, ಅಥವಾ ಕಲ್ಲು ತುಂಬಿದ ಭದ್ರವಾದ ಪೆಟ್ಟಿಗೆಯನ್ನು. ಹಿಂದೆ ಇಬ್ಬರು ಹುಡುಗರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಕೆಲವು ಕಡೆ ಉಂಟು. ಅದನ್ನು ಇವತ್ತೇ ಬಿಡಿ.

ಇನ್ನು ಕೆಲಸದ ಕ್ರಮ. ಬಕೆಟ್ಟನ್ನು ನೆಲಕ್ಕೆ ಇಳಿಸಿ, ಮೂತಿಯನ್ನು ಸ್ವಲ್ಪವೇ ಕೆಳಮುಖ ಮಾಡಿ, ಅತಿ ಚಿಕ್ಕ ಗೇರಿನಲ್ಲಿ ನಿಧಾನವಾಗಿ ನುಗ್ಗಿಸಿ. ಹಲ್ಲು ನಾಟುತ್ತಿದ್ದ ಹಾಗೆಯೇ ಬಕೆಟ್ಟನ್ನು ಒಳಕ್ಕೆ ಮಡಿಸುತ್ತಾ ಬನ್ನಿ. ನಾಲ್ಕು ಚಕ್ರಕ್ಕೂ ಓಟ ಇರುವ ಟ್ರ್ಯಾಕ್ಟರಾದರೆ ಅಗೆಯುವಾಗ ಅದನ್ನು ಹಾಕಿಕೊಳ್ಳಿ. ಚಕ್ರ ಸುತ್ತಿದ ಕಡೆಯೇ ಸುತ್ತಿದರೆ ನಿಲ್ಲಿಸಿ, ತೆಳುವಾಗಿ ಕೆರೆಯಿರಿ. ದೂರದಿಂದ ಓಡಿಸಿಕೊಂಡು ಬಂದು ಟಗರಿನಂತೆ ಗುದ್ದುವುದು ಬೇಡ, ಕೈಗಳು ಬಾಗುತ್ತವೆ. ಮೂಲೆಯ ಒಂದೇ ಹಲ್ಲಿನಿಂದ ಬಂಡೆ ಮೀಟುವುದು, ಹಲ್ಲು ನೆಲದಲ್ಲಿರುವಾಗಲೇ ಸ್ಟೀರಿಂಗು ತಿರುಗಿಸುವುದು, ಇವೆರಡೂ ಯಂತ್ರಕ್ಕೆ ಕೊಡಲಿ ಪೆಟ್ಟು. ತುಂಬಿದ ಬಕೆಟ್ಟನ್ನು ನೆಲದಿಂದ ಒಂದಡಿ ಎತ್ತರದಲ್ಲೇ ಒಯ್ಯಿರಿ. ಏರು ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ ನಡೆಸಿ. ಭಾರ ಯಾವಾಗಲೂ ಮೇಲ್ಗಡೆ ಇರಲಿ.

ಹನಿ ನೀರಾವರಿ ಪೈಪು ಹೂತ ಜಾಗ, ಕೊಳವೆ ಬಾವಿಯ ಕೇಬಲ್ಲು, ತೆಂಗಿನ ಬುಡ, ಇಲ್ಲೆಲ್ಲ ಹಲ್ಲು ತೆಗೆದಿಡಿ. ಕಣ, ಕಲ್ಲುಹಾಸಿದ ಗುಂಡಿ, ಕೊನೆಯ ಮಟ್ಟ ಮಾಡುವ ಕೆಲಸಕ್ಕೂ ಬೋಳು ಅಂಚೇ ಸರಿ. ಹಲ್ಲಿನಿಂದ ಮಟ್ಟ ಮಾಡಲು ಹೋದರೆ ನೇಗಿಲ ಸಾಲಿನಂತೆ ಗೆರೆ ಬೀಳುತ್ತವೆ.

ಗೋಡಿನ ವಿಷಯದಲ್ಲಿ ಇನ್ನೊಂದು ಲೆಕ್ಕ. ಎಕರೆಗೆ ಒಂದು ಅಂಗುಲ ಮಣ್ಣು ಹರಡಬೇಕಾದರೆ 3,630 ಘನ ಅಡಿ ಬೇಕು, ಅಂದರೆ ನಮ್ಮ ಬಕೆಟ್ಟಿನಲ್ಲಿ 600ಕ್ಕೂ ಮೇಲೆ. ಮಳೆಯಾಶ್ರಿತ ರಾಗಿಗೆ ಎಕರೆಗೆ ಮೂರು ಟನ್ ಗೊಬ್ಬರವೆಂದರೆ ಬರಿಯ 30 ಬಕೆಟ್ಟು. ಹಾಗಾಗಿ ತಿಪ್ಪೆಗೆ ನಿಮ್ಮ ಚಿಕ್ಕ ಟ್ರ್ಯಾಕ್ಟರೇ ಸಾಕು. ಕೆರೆಗೆ ನಾಲ್ಕು ಮನೆಯವರು ಸೇರಿ ದೊಡ್ಡ ಯಂತ್ರ ಬಾಡಿಗೆಗೆ ತರುವುದೇ ಲೇಸೆಂದು ನನ್ನ ಅಭಿಪ್ರಾಯ. ಊರ ಕೊಳಚೆ ಸೇರಿದ ಬೆಳ್ಳಂದೂರು, ವರ್ತೂರಿನಂಥ ಕೆರೆಗಳ ಹೂಳಿನಲ್ಲಿ ಭಾರಲೋಹಗಳು ಇರುತ್ತವೆ. ಅಂಥ ಮಣ್ಣನ್ನು ಪರೀಕ್ಷೆ ಮಾಡಿಸದೆ ಸೊಪ್ಪು ತರಕಾರಿ ಬೆಳೆಯುವ ನೆಲಕ್ಕೆ ಹಾಕಬೇಡಿ. ಪರೀಕ್ಷೆಗೆ ಕೊಡುವಾಗ ಭಾರಲೋಹವನ್ನೂ ನೋಡಬೇಕೆಂದು ಬಿಡಿಸಿ ಹೇಳಿ.

ಹಲ್ಲು ಎಲ್ಲಿ ಕೊಳ್ಳುವುದು? ಶಿವಾಜಿನಗರಕ್ಕೆ ತರಕಾರಿ ತರುವವರು ಅಲ್ಲಿನ ಗುಜರಿ ಅಂಗಡಿಗಳಲ್ಲಿ ಹಳೆಯದಕ್ಕೆ ಕೈ ಹಾಕುವುದುಂಟು. ಜೆಸಿಬಿಯ ಹಲ್ಲು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದು ಚಿಕ್ಕ ಲೋಡರಿಗೆ ಹೊರೆ. ಲಾರಿಯ ಕಮಾನು ಪಟ್ಟಿ ಕತ್ತರಿಸಿ ಬೆಸೆದರೆ, ಬೆಸುಗೆಯ ಪಕ್ಕದಲ್ಲೇ ಪಟಕ್ಕನೆ ಮುರಿಯುತ್ತದೆ. ಬಕೆಟ್ಟಿನ ಅಗಲಕ್ಕೆ ಸರಿಯಾಗಿ, ಬೋಲ್ಟು ಹಾಕಿ ತೆಗೆಯುವಂಥ ಹಲ್ಲಿನ ಪಟ್ಟಿಯೇ ಉತ್ತಮ. ಎರಡು ಬಕೆಟ್ಟಿನ ಖರ್ಚು ತಪ್ಪುತ್ತದೆ.

ಕೆಲಸ ನಿಲ್ಲಿಸಿದಾಗ ಬಕೆಟ್ಟನ್ನು ಪೂರ್ತಿ ನೆಲಕ್ಕಿಳಿಸಿ, ಹಲ್ಲು ಕೆಳಮುಖವಾಗಿರಲಿ. ಎತ್ತಿದ ಬಕೆಟ್ಟಿನ ಕೆಳಗೆ ಮಕ್ಕಳು ನೆರಳಿಗೆ ಕೂರುತ್ತಾರೆ. ಎಣ್ಣೆಯ ಕೊಳವೆ ಒಡೆದರೆ ಅದು ಕ್ಷಣದಲ್ಲಿ ಕೆಳಗಿರುತ್ತದೆ. ಹೊಸ ಹಲ್ಲು ಹಾಕಿದ ದಿನ ಒಂದು ಗಂಟೆ ಕೆಲಸವಾದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಆಮೇಲೆ ದಿನವೂ ಬೆಳಗ್ಗೆ ಹಲ್ಲುಗಳನ್ನು ಎಣಿಸಿ. ಒಂದು ಕಡಿಮೆ ಬಂದರೆ ಹುಡುಕಿಯೇ ಮುಂದಿನ ಕೆಲಸ, ಏಕೆಂದರೆ ಹೊಲದಲ್ಲಿ ಉಳಿದ ಹಲ್ಲು ಉಳುವಾಗ ಟಯರನ್ನು ಸೀಳುತ್ತದೆ.