ಫ್ಯೂಸ್ ಬಿಸಿಯಾದರೆ ಅಲಕ್ಷ್ಯ ಸಲ್ಲದು

ಸಂಸ್ಥೆಯ ಕಾರಿಗೆ ಹೊರಗಿನಿಂದ ಜೋಡಿಸಿದ ಫಾಗ್ ಲ್ಯಾಂಪ್, ಆಂಪ್ಲಿಫೈಯರ್ ಮುಂತಾದವುಗಳ ಫ್ಯೂಸ್ ಸುಟ್ಟುಹೋಗದೆ ಕೇವಲ ಬಿಸಿಯಾಗುತ್ತಿದ್ದರೆ, ಕಾರಣಗಳು ಸಾಮಾನ್ಯವಾಗಿ ಎರಡು. ಮೊದಲನೆಯದು ಹೊರೆ. 55 ವ್ಯಾಟ್‌ನ ಎರಡು ದೀಪಗಳು 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. 10 ಆಂಪಿಯರ್ ಫ್ಯೂಸ್‌ಗೆ ಇದು ಅಧಿಕವೇ ಸರಿ. ಸತತ ಹೊರೆಯು ಫ್ಯೂಸ್ ಸಾಮರ್ಥ್ಯದ ಶೇ. 80ನ್ನು ಮೀರದಿರುವುದು ಲೇಸು. ಎರಡನೆಯದು ಸಡಿಲವಾದ ಅಥವಾ ಕಿಲುಬು ಹಿಡಿದ ಹೋಲ್ಡರ್. ಅಲ್ಲಿನ ಪ್ರತಿರೋಧವೇ ಶಾಖವನ್ನುಂಟುಮಾಡುತ್ತದೆ. ಪ್ಲಾಸ್ಟಿಕ್ ಕರಗಿದ್ದರೆ ಹೋಲ್ಡರನ್ನೇ ಬದಲಿಸತಕ್ಕದ್ದು.

ಫ್ಯೂಸ್ ಇರುವುದು ತಂತಿಯ ರಕ್ಷಣೆಗಾಗಿ. ತಕ್ಕಷ್ಟು ದಪ್ಪ ತಂತಿಯಿಲ್ಲದೆ ದೊಡ್ಡ ಫ್ಯೂಸ್ ಹಾಕಿದರೆ ತಂತಿಗೇ ಬೆಂಕಿ ಹತ್ತಬಹುದು. ಇಂತಹ ಉಪಕರಣಗಳನ್ನು ಬಿಲ್ಲಿನ ಮೌಲ್ಯದೊಡನೆ ವಿಮಾ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿರಿ. ಇಲ್ಲವಾದಲ್ಲಿ ಅವುಗಳ ನಷ್ಟವು ಮಾಲೀಕರ ಖಾತೆಗೇ ಬೀಳಬಹುದು.