ಹಾಲು ಜ್ವರ: ಮಲಗಿದ ಹಸು ಏಕೆ ಏಳುವುದಿಲ್ಲ?



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬಹಳಷ್ಟು ಕೊಟ್ಟಿಗೆಗಳಲ್ಲಿ ಈಗ ಹೆಚ್ಚು ಹಾಲಿನ ಮಿಶ್ರತಳಿ ಹಸುಗಳಿವೆ. ಕರು ಹಾಕಿದ ಮೊದಲ 3 ದಿನಗಳಲ್ಲಿ ಇವು ಹಾಲು ಜ್ವರದಿಂದ ಮಲಗಿಬಿಡುವ ಸಂಭವ ಹೆಚ್ಚು. ಹೆಸರಿಗೆ ಜ್ವರವಾದರೂ ಮೈ ಬಿಸಿಯಾಗುವುದಿಲ್ಲ. ಕಿವಿ ತಣ್ಣಗಾಗುತ್ತದೆ, ಹಸು ಕತ್ತನ್ನು ಪಕ್ಕೆಗೆ ತಿರುಗಿಸಿ ಮಂಕಾಗಿ ಮಲಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವುದೇ ಕಾರಣ.

"ಬಾಟಲಿ ಹಾಕಿದರೂ ಹಸು ಏಳಲಿಲ್ಲವಲ್ಲ ಡಾಕ್ಟ್ರೇ?" ಎಂದು ಹಲವರು ಕೇಳುತ್ತೀರಿ. ಇದಕ್ಕೆ ಉತ್ತರ ಹಸುವಿನ ತೊಡೆಯಲ್ಲಿದೆ.

ಪ್ರತಿ ಜೀವಕೋಶವೂ ಒಳಗೆ ನುಸುಳುವ ಸೋಡಿಯಂ ಉಪ್ಪನ್ನು ಪಂಪಿನಂತೆ ಹೊರಹಾಕುತ್ತಲೇ ಇರುತ್ತದೆ. ಅದಕ್ಕೆ ಎಟಿಪಿ ಎಂಬ ಶಕ್ತಿ ಬೇಕು. ಶಕ್ತಿ ತಯಾರಾಗಲು ರಕ್ತ ತರುವ ಆಮ್ಲಜನಕ ಬೇಕು. 4 ಕ್ವಿಂಟಾಲ್ ತೂಗುವ ಹಸು ಚಪ್ಪಡಿ ಅಥವಾ ಸಿಮೆಂಟ್ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಮಲಗಿದರೆ, ಅಡಿಗೆ ಸಿಕ್ಕ ತೊಡೆಗೆ ರಕ್ತ ಸರಿಯಾಗಿ ಹೋಗದು. ಆಗ ಕರೆಂಟ್ ಹೋದ ಮೋಟರಿನಂತೆ ಪಂಪು ನಿಲ್ಲುತ್ತದೆ. ಉಪ್ಪು ಕೋಶದೊಳಗೇ ಉಳಿಯುತ್ತದೆ. ಉಪ್ಪಿನಕಾಯಿಗೆ ಹಾಕಿದ ಉಪ್ಪು ಮಾವಿನ ಹೋಳಿನ ನೀರನ್ನು ಎಳೆದುಕೊಳ್ಳುವಂತೆ, ಇಲ್ಲಿ ಉಪ್ಪು ಕೋಶದೊಳಕ್ಕೆ ನೀರು ಎಳೆಯುತ್ತದೆ. ಕೋಶ ಊದಿಕೊಳ್ಳುತ್ತದೆ.

ಬೇಗ ರಕ್ತ ಹರಿದರೆ ಕೋಶ ಚೇತರಿಸಿಕೊಳ್ಳುತ್ತದೆ, ತಡವಾದರೆ ಸಾಯುತ್ತದೆ. ತೊಡೆಯ ಮಾಂಸವನ್ನು ಬಿಗಿಯಾದ ಪೊರೆ ಸುತ್ತಿರುವುದರಿಂದ ಊತಕ್ಕೆ ಜಾಗವಿಲ್ಲ. ಅದು ಒಳಗಿನ ರಕ್ತನಾಳ, ನರಗಳನ್ನೇ ಅದುಮುತ್ತದೆ. ಗಟ್ಟಿ ನೆಲದಲ್ಲಿ 6 ಗಂಟೆ ಕಳೆಯುವಷ್ಟರಲ್ಲಿ ಇಂಥ ಹಾನಿ ಆಗಿರಬಹುದು. ಆಮೇಲೆ ಕ್ಯಾಲ್ಸಿಯಂ ಸರಿಹೋದರೂ ಕಾಲಿಗೆ ಬಲ ಬರುವುದಿಲ್ಲ.

ಆದ್ದರಿಂದ ರಾತ್ರಿ ಮಲಗಿದ ಹಸುವನ್ನು "ಬೆಳಗ್ಗೆ ನೋಡೋಣ" ಎಂದು ಬಿಡಬೇಡಿ.

• ಕೂಡಲೇ ನಿಮ್ಮ ಸಂಘಕ್ಕೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

• ಹಸುವಿನಡಿ ರಾಗಿ ಹುಲ್ಲು ಅಥವಾ ಮರಳನ್ನು ದಪ್ಪನಾಗಿ ಹಾಸಿ.

• ಹುಲ್ಲು ತುಂಬಿದ ಗೋಣಿಚೀಲ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ. 3 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಂಗಾಲುಗಳನ್ನು ನೀವಿ.

• ಗೊಟ್ಟದಲ್ಲಿ ಏನನ್ನೂ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು.

• ಕ್ಯಾಲ್ಸಿಯಂ ಬಾಟಲಿಯನ್ನು ನೀವೇ ಹಾಕಬೇಡಿ. ರಕ್ತನಾಳಕ್ಕೆ ವೇಗವಾಗಿ ಹೋದರೆ ಹೃದಯವೇ ನಿಂತೀತು.

ಚಿಕಿತ್ಸೆ ನಮ್ಮ ಕೆಲಸ. ನಾವು ಬರುವ ತನಕ ಆ ತೊಡೆಯನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಪಶುವೈದ್ಯಾಧಿಕಾರಿ