ಸೀತಾಳೆಯಿಂದ ಸರ್ಪಸುತ್ತಿನವರೆಗೆ: ಒಂದು ವೈರಸ್ಸಿನ ಅಜ್ಞಾತವಾಸ

ಮಕ್ಕಳಿಗೆ ಬರುವ ಸೀತಾಳೆ ಸಿಡುಬಿಗೂ ವಯಸ್ಸಾದವರನ್ನು ಕಾಡುವ ಸರ್ಪಸುತ್ತಿಗೂ ಕಾರಣ ಒಂದೇ ವೈರಸ್, ವ್ಯಾರಿಸೆಲ್ಲಾ ಜೋಸ್ಟರ್. ಮೊದಲನೆಯದಕ್ಕೆ ಹಳ್ಳಿಗಳಲ್ಲಿ 'ಅಮ್ಮ' ಎಂಬ ಹೆಸರೂ ಇದೆ. ಎರಡರ ನಡುವೆ ಐವತ್ತು ವರ್ಷವೇ ಕಳೆದಿರಬಹುದು. ಅಷ್ಟೂ ಕಾಲ ವೈರಸ್ ಅದೇ ದೇಹದಲ್ಲಿ, ರೋಗನಿರೋಧಕ ವ್ಯವಸ್ಥೆಯ ಕೈಗೆ ಸಿಗದೆ ಉಳಿದಿರುತ್ತದೆ.

ಉಸಿರಿನೊಂದಿಗೆ ಒಳಹೊಕ್ಕ ವೈರಸ್ 10ರಿಂದ 21 ದಿನ ಹೊರಗೆ ಸುಳಿವು ಕೊಡುವುದಿಲ್ಲ. ಸೋಂಕು ತಗುಲಿದ ಜೀವಕೋಶ ಸಾಮಾನ್ಯವಾಗಿ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸೂಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಈ ವೈರಸ್ಸಿನ ಕೆಲವು ಪ್ರೋಟೀನುಗಳು ಆ ಸಂಕೇತಕ್ಕೇ ಅಡ್ಡಗಾಲು ಹಾಕುತ್ತವೆ. ಇನ್ನೂ ಬೆರಗು ಹುಟ್ಟಿಸುವುದು ಅದರ ಪ್ರಯಾಣ. ಸೋಂಕನ್ನು ಹತ್ತಿಕ್ಕಬೇಕಾದ ಟಿ ಕೋಶಗಳೊಳಗೇ ಸೇರಿಕೊಂಡು, ರಕ್ತದಲ್ಲಿ ಸಾಗಿ ಅದು ಚರ್ಮವನ್ನು ತಲುಪುತ್ತದೆ.

ದೇಹದ ಬಹುತೇಕ ಕೋಶಗಳು ತಮ್ಮೊಳಗೆ ತಯಾರಾದ ಪ್ರೋಟೀನುಗಳ ಚೂರುಗಳನ್ನು ಎಂಎಚ್‌ಸಿ ಎಂಬ ಅಣುಗಳ ಮೇಲಿಟ್ಟು ಹೊರಮೈಯಲ್ಲಿ ತೋರಿಸುತ್ತವೆ. ಟಿ ಕೋಶ ಸೋಂಕನ್ನು ಗುರುತಿಸುವುದು ಅದನ್ನು ನೋಡಿಯೇ. ಇದನ್ನು ಕಂಡುಕೊಂಡ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವ್ಯಾರಿಸೆಲ್ಲಾ ಈ ಅಣುಗಳನ್ನು ಹೊರಬರದಂತೆ ಕೋಶದೊಳಗೇ ತಡೆಹಿಡಿಯುತ್ತದೆ. ಆದರೆ ಈ ಉಪಾಯ ಬಹಳ ದಿನ ನಡೆಯದು. ಹೊರಮೈ ಬರಿದಾದ ಕೋಶವನ್ನೇ ಸಂಶಯಿಸಿ ಕೊಲ್ಲುವ ಎನ್‌ಕೆ ಕೋಶಗಳೂ ದೇಹದಲ್ಲಿವೆ. ಅವುಗಳ ಹಿಂದೆಯೇ ಟಿ ಕೋಶಗಳೂ ಪ್ರತಿಕಾಯಗಳೂ ಬಲಗೊಂಡು, ವಾರದೊಳಗೆ ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುತ್ತವೆ.

ಅಷ್ಟರಲ್ಲಿ ಒಂದಷ್ಟು ವೈರಸ್ಸುಗಳು ಬೆನ್ನುಹುರಿಯ ಪಕ್ಕದ ಮತ್ತು ತಲೆಯ ನರಗಂಟುಗಳನ್ನು ಸೇರಿಬಿಟ್ಟಿರುತ್ತವೆ. ಅಲ್ಲಿ ವೈರಸ್ಸಿನ ಡಿಎನ್‌ಎ ಉಂಗುರದಂತೆ ಸುತ್ತಿಕೊಂಡು ನರಕೋಶದ ನ್ಯೂಕ್ಲಿಯಸ್ಸಿನಲ್ಲಿ ಬಿದ್ದಿರುತ್ತದೆ. ಸುಮಾರು 70 ಜೀನುಗಳಲ್ಲಿ ಬಹುತೇಕ ಎಲ್ಲವೂ ಮೌನ. ಪ್ರೋಟೀನೇ ತಯಾರಾಗದಿದ್ದರೆ ತೋರಿಸಲು ಚೂರೂ ಇಲ್ಲ, ಟಿ ಕೋಶಕ್ಕೆ ಗುರುತೂ ಸಿಗುವುದಿಲ್ಲ. ಸಾಲದ್ದಕ್ಕೆ, ನರಕೋಶಗಳು ಎಂಎಚ್‌ಸಿಯನ್ನು ಹೊರಮೈಗೆ ತರುವುದೇ ಕಡಿಮೆ. ಈ ವೈರಸ್ಸಿನ ತಂತ್ರಗಳಲ್ಲೆಲ್ಲ ಅತ್ಯಂತ ಫಲಕಾರಿಯಾದದ್ದು ಈ ಮೌನವೇ.

ವೈರಸ್ ಹೀಗೆ ಅಡಗಿದ್ದು ಮರಳಿ ಏಳುತ್ತದೆ ಎಂಬ ವಾದವನ್ನು 1965ರಲ್ಲಿ ವಿಸ್ತಾರವಾಗಿ ಮಂಡಿಸಿದವರು ಇಂಗ್ಲೆಂಡಿನ ಸಣ್ಣ ಊರೊಂದರ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಅವರ ಆಧಾರ ತಮ್ಮದೇ ರೋಗಿಗಳ 16 ವರ್ಷಗಳ ದಾಖಲೆ. ವಯಸ್ಸಾದಂತೆ, ಅಥವಾ ಎಚ್‌ಐವಿ ಸೋಂಕಿನಿಂದ, ಇಲ್ಲವೇ ಕ್ಯಾನ್ಸರ್ ಚಿಕಿತ್ಸೆಯಿಂದ, ಟಿ ಕೋಶಗಳ ಕಾವಲು ಸಡಿಲವಾಗುತ್ತದೆ. ಆಗ ವೈರಸ್ ಅದೇ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಮೊದಲು ಉರಿ, ನೋವು. ಕೆಲವು ದಿನಗಳ ಮೇಲೆ ಪಟ್ಟಿಯಂತೆ ಗುಳ್ಳೆಗಳು. ಒಂದೊಂದು ನರಗಂಟು ಮೈಯ ಒಂದೇ ಮಗ್ಗುಲಿನ ಪಟ್ಟಿಯನ್ನು ನೋಡಿಕೊಳ್ಳುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಹಾಗಾಗಿ ಗುಳ್ಳೆಗಳ ಪಟ್ಟಿ ಮೈಯನ್ನು ಸುತ್ತಿ, ಹಾವಿನ ತಲೆಯೂ ಬಾಲವೂ ಕೂಡಿದರೆ ಸಾವು ಎಂಬ ಭಯಕ್ಕೆ ಆಧಾರವಿಲ್ಲ. ಮನೆಮದ್ದೆಂದು ಕೆಮ್ಮಣ್ಣು ಬಳಿಯುತ್ತ ದಿನ ಕಳೆಯುವುದೇ ನಿಜವಾದ ನಷ್ಟ: ಅಸೈಕ್ಲೊವಿರ್‌ನಂಥ ಔಷಧಿ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಕಣ್ಣಿನ ಸುತ್ತ ಗುಳ್ಳೆ ಎದ್ದರಂತೂ ತಡಮಾಡುವಂತಿಲ್ಲ.

ಸೀತಾಳೆಗೆ ಜಪಾನಿನ ಮಿಚಿಯಾಕಿ ತಕಾಹಾಶಿ 1974ರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆಯನ್ನು ರೂಪಿಸಿದರು. ಸರ್ಪಸುತ್ತಿನ ಹೊಸ ಲಸಿಕೆಯಲ್ಲಿ ವೈರಸ್ಸಿನ ಹೊರಮೈಯ ಒಂದು ಪ್ರೋಟೀನು ಮತ್ತು ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುವ ಸಹಾಯಕ ವಸ್ತು ಮಾತ್ರ ಇರುತ್ತವೆ. ನರಗಂಟಿನಲ್ಲಿ ಅಡಗಿದ ವೈರಸ್ಸನ್ನು ಅದು ಹೊರಹಾಕುವುದಿಲ್ಲ. ಎದ್ದುಬಂದಾಗ ಗುರುತಿಸುವ ಟಿ ಕೋಶಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ.